ನಿಮ್ಮ ಇಲಿ ಕತೆ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ,

ನೀವು ಕಳಿಸಿದ ‘ಗಂಡೋ ಹೆಣ್ಣೋ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ‘ಸೃಷ್ಟಿಯ ವಿಸ್ಮಯ’ಕ್ಕೇ ಹೋಗಿವೆ. ಎಕ್ಸ್ ಎಕ್ಸ್ ಇದ್ದರೆ ಹೆಣ್ಣು, ಎಕ್ಸ್ ವೈ ಇದ್ದರೆ ಗಂಡು ಅನ್ನುವ ಹೈಸ್ಕೂಲ್ ಪಾಠ ಮತ್ತೆ ಬಂದಿದೆ. ನಾಲ್ಕನೇ ಪುಟದಲ್ಲಿ ‘ಕೆಲವು ತಳಿಯ ಇಲಿಗಳಲ್ಲಿ ವೈ ಇದ್ದರೂ ಅಂಡಾಶಯ ಬೆಳೆಯುತ್ತದೆ’ ಎಂದು ಒಂದೇ ಸಾಲು ಬರೆದು ಮುಂದೆ ಓಡಿದ್ದೀರಿ. ಆ ಸಾಲು ಹಿಂದಿನ ಮೂರು ಪುಟಗಳನ್ನೇ ತಲೆಕೆಳಗು ಮಾಡುತ್ತದೆ, ಅಲ್ವಾ?

ಅಲ್ಲಿಂದಲೇ ಶುರು ಮಾಡಿ. ಸ್ವಿಟ್ಜರ್ಲೆಂಡಿನ ಪೊಸ್ಕಿಯಾವೊ ಕಣಿವೆಯ ಇಲಿಯ ವೈ ಕ್ರೋಮೋಸೋಮನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿ ‘ಬಿ6’ ಎಂಬ ಲ್ಯಾಬ್ ತಳಿಗೆ ತಂದರು. ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯ ಈವಾ ಐಕರ್ ಮತ್ತು ಸಂಗಡಿಗರು ಇದನ್ನು 1982ರಲ್ಲಿ ಪ್ರಕಟಿಸಿದರು. ತನ್ನ ಕಣಿವೆಯಲ್ಲಿ ಸಲೀಸಾಗಿ ಗಂಡು ಮಾಡುತ್ತಿದ್ದ ಆ ವೈ, ಬಿ6ನಲ್ಲಿ ಸೋತಿತು. ಕೆಲವು ಎಕ್ಸ್ ವೈ ಭ್ರೂಣಗಳಲ್ಲಿ ಎರಡೂ ಕಡೆ ಅಂಡಾಶಯ. ಇನ್ನು ಕೆಲವುಗಳಲ್ಲಿ ಓವೊಟೆಸ್ಟಿಸ್, ಅಂದರೆ ಒಂದೇ ಅಂಗದ ನಡುವೆ ವೃಷಣ, ಎರಡು ತುದಿಗೆ ಅಂಡಾಶಯ. ಅದೇ ವೈಯನ್ನು ಡಿಬಿಎ/2 ತಳಿಗೆ ಹಾಕಿದರೆ ವೃಷಣ ಸರಿಯಾಗಿಯೇ ಬೆಳೆಯುತ್ತದೆ. ವೈ ಅದೇ, ಮನೆಮಂದಿ ಬೇರೆ.

ವೈ ಮೇಲೆ ಕೂತು ವೃಷಣದ ಕೆಲಸ ಶುರು ಮಾಡಿಸುವ ಎಸ್‌ಆರ್‌ವೈ ಜೀನನ್ನು ನೀವು ‘ಸ್ವಿಚ್’ ಅಂದಿದ್ದೀರಿ. 1991ರಲ್ಲಿ ಅದನ್ನು ಎಕ್ಸ್ ಎಕ್ಸ್ ಇಲಿ ಭ್ರೂಣಕ್ಕೆ ಸೇರಿಸಿದಾಗ ಗಂಡಾಯಿತು, ನಿಜ. ಆದರೆ ಸ್ವಿಚ್‌ಗೆ ಹೊತ್ತುಗೊತ್ತಿಲ್ಲ, ಈ ಜೀನಿಗೆ ಇದೆ. ಬಸಿರಿನ ಸುಮಾರು 10.5ನೇ ದಿನ ಎದ್ದು, 12.5ರ ಹೊತ್ತಿಗೆ ಮಲಗಿಬಿಡುತ್ತದೆ. ಅಷ್ಟರೊಳಗೆ ವೃಷಣ ಕಟ್ಟುವ ಕೆಲಸ ಮುಂದುವರಿಸುವ ಸಾಕ್ಸ್9 ಜೀನನ್ನು ಎಬ್ಬಿಸಬೇಕು. ಬಿ6ನಲ್ಲಿ ಆ ಪರದೇಶಿ ವೈ ತಡ ಮಾಡುತ್ತದೆ. ವೃಷಣದ ಕೆಲಸ ನಡುವಿನಿಂದ ತುದಿಗೆ ಹರಡುವುದರಿಂದ, ತಡವಾದಾಗ ಕೈತಪ್ಪುವುದು ತುದಿಗಳೇ. ಹೋಲಿಕೆ ಬೇಕೇ ಬೇಕು ಅಂದರೆ ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ: ಹೆಪ್ಪು ಒಳ್ಳೆಯದೇ, ಹಾಲು ಆರಿದ ಮೇಲೆ ಹಾಕಿದರೆ ಮೊಸರು ಆಗದು. ಪೂರ್ತಿ ಹೊಂದುವುದಿಲ್ಲ, ಆದರೂ ಸ್ವಿಚ್‌ಗಿಂತ ವಾಸಿ.

‘ಸರಿಯಾಗಿ 11.5ನೇ ದಿನ’ ಅನ್ನುವಲ್ಲಿ ‘ಸರಿಯಾಗಿ’ ತೆಗೆಯಿರಿ. ಒಂದೇ ಬಸಿರಿನ ಮರಿಗಳೂ ಹಿಂದೆಮುಂದೆ ಇರುತ್ತವೆ. ಅದಕ್ಕೇ ಬಾಲದ ಸೊಮೈಟ್‌ಗಳನ್ನು, ಆ ಪುಟ್ಟ ಮಣಿಗಳಂಥ ಗಂಟುಗಳನ್ನು, ಒಂದೊಂದಾಗಿ ಎಣಿಸುತ್ತಾರೆ. ಸುಮಾರು 18 ಇದ್ದರೆ 11.5 ಅಂತ ಲೆಕ್ಕ. ಇಂಥದ್ದು ಲೇಖನಕ್ಕೆ ಜೀವ ಕೊಡುತ್ತದೆ, ‘ವಿಸ್ಮಯ’ ಕೊಡುವುದಿಲ್ಲ.

ಇಲಿಯಿಂದ ಸೀದಾ ಮನುಷ್ಯರ ಸ್ವಭಾವಕ್ಕೆ ಜಿಗಿದ ಕೊನೆಯ ಪ್ಯಾರಾ ಪೂರ್ತಿ ಹೋಗಲಿ. ‘ಲಿಂಗನಿರ್ಧಾರಕ ವರ್ಣತಂತು’ ಕೂಡ. ಸುಮ್ನೆ ವೈ ಅನ್ನಿ.

ಓವೊಟೆಸ್ಟಿಸ್‌ನ ಪೆನ್ಸಿಲ್ ಚಿತ್ರ ನೀವೇ ಬಿಡಿಸಿದ್ದಾ? ಅದನ್ನು ಮೊದಲ ಪುಟಕ್ಕೆ ತಂದು, ಎರಡು ಪುಟದಲ್ಲಿ ಮುಗಿಸಿ ಕಳಿಸಿ. ಮತ್ತೆ ಓದುತ್ತೇನೆ.