2020ರ ಕ್ರಿಸ್‌ಮಸ್‌ಗೆ ಮುಂಚೆ ಬ್ರಿಟನ್ನಿನ ಅಂಗಡಿಗಳಲ್ಲಿ ಶೆಲ್ಫ್‌ಗಳು ಯಾಕೆ ಖಾಲಿಯಾದವು?

ಜನ ಹೆದರಿ, ಒಂದೆರಡು ದಿನದಲ್ಲೇ ಎಲ್ಲರೂ ಅಂಗಡಿಗೆ ನುಗ್ಗಿದ್ದರಿಂದ. ದೇಶದಲ್ಲಿ ಊಟಕ್ಕೆ ಬರ ಬಂದಿರಲಿಲ್ಲ.

ಕೊರೊನಾದ ಹೊಸ ತಳಿ ಹರಡುತ್ತಿದೆ ಎಂದು ಡಿಸೆಂಬರ್ 20ರ ರಾತ್ರಿ ಫ್ರಾನ್ಸ್ 48 ಗಂಟೆ ಗಡಿ ಮುಚ್ಚಿತು. ಬ್ರಿಟನ್ನಿನಿಂದ ಲಾರಿಗಳು ಆಚೆ ಹೋಗುವಂತಿರಲಿಲ್ಲ. ಒಳಗೆ ಬರಲು ಅಡ್ಡಿ ಇರಲಿಲ್ಲ. ಆದರೆ ವಾಪಸ್ ಹೋಗಲಾಗದೆ ಹಬ್ಬಕ್ಕೆ ಮನೆ ತಪ್ಪುತ್ತದೆ ಎಂದರೆ ಯಾವ ಡ್ರೈವರ್ ತಾನೇ ಬರುತ್ತಾನೆ? ಹೀಗಾದರೆ ಹೊರಗಿನಿಂದ ಲಾರಿಯಲ್ಲಿ ಬರುವ ಲೆಟಿಸ್, ಬ್ರೊಕೊಲಿ, ಕಿತ್ತಳೆ ಜಾತಿಯ ಹಣ್ಣು ಸಿಗದೆ ಹೋಗಬಹುದು ಎಂದು ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಸರಣಿ ಸೇನ್ಸ್‌ಬರೀಸ್ ಎಚ್ಚರಿಸಿತು. ಹಬ್ಬದ ಅಡುಗೆಯ ಸಾಮಾನು ಆಗಲೇ ದೇಶದೊಳಗಿದೆ ಎಂದೂ ಹೇಳಿತ್ತು. ಜನರ ಮನಸ್ಸಿನಲ್ಲಿ ಉಳಿದದ್ದು ಮೊದಲ ಮಾತೇ.

ಸೂಪರ್‌ಮಾರ್ಕೆಟ್‌ಗಳು ಜಾಸ್ತಿ ದಾಸ್ತಾನು ಇಡುವುದಿಲ್ಲ. ದಿನದ ಮಾರಾಟದ ಲೆಕ್ಕ ನೋಡಿ ಅಷ್ಟೇ ತರಿಸುತ್ತವೆ. ಪ್ರತಿಯೊಬ್ಬರೂ ಒಂದರ ಬದಲು ಎರಡು ಪ್ಯಾಕ್ ಎತ್ತಿಕೊಂಡರೆ ಮಧ್ಯಾಹ್ನಕ್ಕೇ ಶೆಲ್ಫ್ ಖಾಲಿ, ಅಲ್ವಾ? ಅದನ್ನು ನೋಡಿದವರು ಇನ್ನೂ ಹೆಚ್ಚು ಕೊಳ್ಳುತ್ತಾರೆ. ಅದಕ್ಕೇ ಇನ್ನೊಂದು ಸೂಪರ್‌ಮಾರ್ಕೆಟ್ ಸರಣಿ ಟೆಸ್ಕೊ ಮೊಟ್ಟೆ, ಅಕ್ಕಿ, ಸೋಪಿಗೆ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿತು. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗೂ ಒಂದು ಪ್ಯಾಕ್ ಉಳಿಯಬೇಕಲ್ಲ.