ಗಂಡ ಸೇನೆಯಲ್ಲಿದ್ದಾನೆ, ರಜೆಗೆ ಬಂದಾಗ ಹೊಡೆಯುತ್ತಾನೆ. ದೂರು ಕೊಟ್ಟರೆ ಅವನ ನೌಕರಿ ಹೋಗುತ್ತದೆಯೇ?

ನೀವು ಕೇಳಿರುವುದು ಎರಡು ಮಾತು. ದೂರು ಕೊಟ್ಟರೆ, ನಿಮ್ಮ ಅತ್ತೆ ಹೇಳುವಂತೆ, ಹವಾಲ್ದಾರ್ ಗಂಡನ ನೌಕರಿಯೂ ಪಿಂಚಣಿಯೂ ಹೋಗುತ್ತವೆಯೇ? ಅವನು ಹಣ ಕಳಿಸುವುದನ್ನು ನಿಲ್ಲಿಸಿರುವುದರಿಂದ ಯೂನಿಟ್‌ಗೆ ಬರೆದರೆ ಏನಾದರೂ ಸಿಗುತ್ತದೆಯೇ?

2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗೆ ಕೊಡುವ ಅರ್ಜಿ ಶಿಕ್ಷೆ ಕೇಳುವಂಥದ್ದಲ್ಲ. ರಕ್ಷಣೆ, ಇರಲು ಮನೆ, ಖರ್ಚಿಗೆ ಹಣ, ಮಕ್ಕಳ ಸುಪರ್ದಿ, ಆದ ಹಾನಿಗೆ ಪರಿಹಾರ, ಇಷ್ಟೇ ಅದರಲ್ಲಿ ಕೇಳುವುದು. ಅಷ್ಟರಿಂದಲೇ ನೌಕರಿಯಾಗಲಿ ಪಿಂಚಣಿಯಾಗಲಿ ಹೋಗುವುದಿಲ್ಲ. ರಕ್ಷಣಾ ಆದೇಶ ಬಂದಮೇಲೂ ಮುರಿದರೆ ಆಗ ಅಪರಾಧ: 1 ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಂಡತಿಗೆ ಕೊಡುವ ಕಿರುಕುಳವನ್ನು ಅಪರಾಧವೆನ್ನುವ ಹಳೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ಬೇರೆಯೇ ದಾರಿ. ಅದು ಪೊಲೀಸ್ ಕೇಸು, ಅದರಲ್ಲಿ ಶಿಕ್ಷೆಯಾದರೆ ನೌಕರಿಗೆ ಪೆಟ್ಟು ಬೀಳಬಹುದು. ಎರಡನ್ನೂ ಒಂದೇ ಎಂದು ಹೇಳಿ ಹೆದರಿಸುವವರೇ ಹೆಚ್ಚು.

ಆದರೆ ಕುತ್ತಿಗೆ ಹಿಸುಕಿದ್ದರೆ, ಕೋವಿ ತೋರಿಸಿ ಬೆದರಿಸಿದ್ದರೆ ಈ ಲೆಕ್ಕಾಚಾರವನ್ನೆಲ್ಲ ಬಿಡಿ. 112ಕ್ಕೆ ಕರೆ ಮಾಡಿ, ಅದೇ ರಾತ್ರಿ ಮನೆಯಿಂದ ಹೊರಬನ್ನಿ. ಹೊರಗೆ ಗುರುತೇ ಕಾಣದಿದ್ದರೂ ಗಂಟಲಿನ ಒಳಗೆ ಪೆಟ್ಟಾಗಿರಬಹುದು. ದನಿ ಒಡೆದಿದ್ದರೆ, ನುಂಗಲು ನೋವಾದರೆ ವೈದ್ಯರಿಗೆ ತಪ್ಪದೆ ಹೇಳಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ವಿನಾಯಿತಿ ಇದೆ. ನಿವೃತ್ತಿಯ ಮೇಲೆ ಗನ್‌ಮ್ಯಾನ್ ಕೆಲಸಕ್ಕೆ ಸೇರುವ ಮಾಜಿ ಸೈನಿಕರ ಮನೆಗಳಲ್ಲೂ ಬಂದೂಕು ಇರಬಹುದು. ಮನೆಯಲ್ಲಿ ಕೋವಿ ಇದ್ದರೆ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು, ಅದನ್ನು ಠಾಣೆಗೆ ಒಪ್ಪಿಸಲು ಆದೇಶ ಕೇಳಿ. ಕೇಳದಿದ್ದರೆ ಆ ವಿಷಯ ಆದೇಶದಲ್ಲಿ ಬರುವುದು ಕಷ್ಟ.

ಅರ್ಜಿಯನ್ನು ತವರಿನ ತಾಲ್ಲೂಕು ಕೋರ್ಟಿನಲ್ಲೇ ಹಾಕಬಹುದು, ತಾತ್ಕಾಲಿಕವಾಗಿ ಉಳಿದಿರುವ ಊರೂ ಸಾಕು. ಅವನು ಲಡಾಖಿನಲ್ಲಿದ್ದರೆ ನೀವು ಅಲ್ಲಿಗೆ ಅಲೆಯಬೇಕಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ರಕ್ಷಣಾಧಿಕಾರಿ. ಅವರ ಬಳಿ ಘಟನೆಯ ವರದಿ ಬರೆಸಿ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ಮುಖ್ಯವಾದದ್ದು ಕಾಲ. ಅವನ ಮುಂದಿನ ರಜೆ ಶುರುವಾಗುವ ಮುಂಚೆಯೇ ಅರ್ಜಿ ಹಾಕಿ, ಜೊತೆಗೆ 23ನೇ ಸೆಕ್ಷನ್ ಅಡಿ ಅಫಿಡವಿಟ್ ಕೊಟ್ಟು ಮಧ್ಯಂತರ ಆದೇಶ ಕೇಳಿ. ಅವನ ಹಾಜರಿ ಇಲ್ಲದೆಯೂ ಅದನ್ನು ಕೊಡಬಹುದು. ಕಾಯ್ದೆ ಹೇಳುವ 60 ದಿನಗಳಲ್ಲಿ ಕೇಸು ಮುಗಿಯುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ.

ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದರೆ ದಾಖಲೆಯೂ ಹಾಗೆಯೇ ಉಳಿಯುತ್ತದೆ. ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಹೇಳಿ ಎಂ.ಎಲ್.ಸಿ. (ಪೊಲೀಸರಿಗೂ ತಿಳಿಸುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ. ಮಿಲಿಟರಿ ಆಸ್ಪತ್ರೆಯಾದರೂ ಇದೇ ಮಾತು.

ಇನ್ನು ಹಣ. ಸೇನಾ ಕಾಯ್ದೆ 1950ರ 28ನೇ ಸೆಕ್ಷನ್ ಸೈನಿಕನ ಸಂಬಳವನ್ನು ಸಿವಿಲ್ ಡಿಕ್ರಿಗಾಗಿ (ಸಿವಿಲ್ ಕೋರ್ಟಿನ ತೀರ್ಪಿನ ಹಣಕ್ಕಾಗಿ) ಜಪ್ತಿ ಮಾಡದಂತೆ ತಡೆಯುತ್ತದೆ. ಅನೇಕ ವಕೀಲರು ಎಡವುವುದು ಇಲ್ಲೇ. ಆದರೆ ಅದೇ ಕಾಯ್ದೆಯ 91(ಐ) ಹೆಂಡತಿ ಮಕ್ಕಳ ಜೀವನಾಂಶಕ್ಕೆಂದು ಸಂಬಳದಲ್ಲಿ ಕಡಿತ ಮಾಡಲು ಸೇನೆಗೇ ಅಧಿಕಾರ ಕೊಟ್ಟಿದೆ (ಆಫೀಸರ್‌ಗಳಿಗೆ 90(ಐ)). ಸಾಮಾನ್ಯ ಲೆಕ್ಕ ಹೆಂಡತಿಗೆ 22%, ಒಂದೊಂದು ಮಗುವಿಗೆ 5.5%, ಒಟ್ಟು 33% ಮೀರದಂತೆ.

ಯೂನಿಟ್‌ನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್‌ಗೆ ಬರೆಯುವಾಗ ಬರೀ ‘ಹೊಡೆಯುತ್ತಾನೆ, ಬುದ್ಧಿ ಹೇಳಿ’ ಎಂದರೆ ಒಂದು ಕೌನ್ಸೆಲಿಂಗ್ ಮಾಡಿಸಿ ಕಡತ ಮುಚ್ಚಬಹುದು. ವಿಷಯದ ಸಾಲಿನಲ್ಲೇ ‘91(ಐ) ಅಡಿ ಜೀವನಾಂಶ’ ಎಂದು ಹಾಕಿ. ಅವನ ಆರ್ಮಿ ನಂಬರು, ರ‍್ಯಾಂಕ್, ಮದುವೆಯ ದಾಖಲೆ, ಮಕ್ಕಳ ಜನನ ಪತ್ರ, ನಿಮ್ಮ ಆದಾಯ, ಅವನು ಹಣ ನಿಲ್ಲಿಸಿದ ತಿಂಗಳು, ನಿಮ್ಮ ಬ್ಯಾಂಕ್ ಖಾತೆ ಎಲ್ಲವೂ ಇರಲಿ. ಯೂನಿಟ್ ಎಲ್ಲಿದೆಯೋ ತಿಳಿಯದಿದ್ದರೆ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ: ಮರಾಠಾ ಲೈಟ್ ಇನ್‌ಫಂಟ್ರಿಯದ್ದು ಬೆಳಗಾವಿಯಲ್ಲಿದೆ, ಎಂಇಜಿಯದ್ದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿದೆ. ಅವನಿಗೆ ಕಾರಣ ಕೇಳುವ ಶೋಕಾಸ್ ನೋಟಿಸ್ ಹೋಗಿ, ಕಡತ ಮೇಲಿನ ಕಚೇರಿಗಳನ್ನು ಹತ್ತಿ ಇಳಿಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕೋರ್ಟನ್ನು ಬಿಡಬೇಡಿ. ಕೌಟುಂಬಿಕ ಹಿಂಸೆ ಕಾಯ್ದೆಯ 20(6) ಪ್ರಕಾರ ಉದ್ಯೋಗದಾತರಿಂದ ನೇರವಾಗಿ ಹಣ ಕೊಡಿಸಲು ಮ್ಯಾಜಿಸ್ಟ್ರೇಟರನ್ನೂ ಕೇಳಬಹುದು. ಎರಡೂ ಕಡೆ ಮಂಜೂರಾದರೆ ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ, ಆದ್ದರಿಂದ ಒಂದನ್ನು ಮುಚ್ಚಿಡಬೇಡಿ.

ಕೋರ್ಟಿನ ಆದೇಶವೂ ಕೈಯಲ್ಲಿರಲಿ ಎನ್ನಲು ಇನ್ನೊಂದು ಕಾರಣವಿದೆ. ಹವಾಲ್ದಾರರು ಐವತ್ತು ತುಂಬುವ ಮೊದಲೇ ನಿವೃತ್ತರಾಗುತ್ತಾರೆ. ಅಲ್ಲಿಗೆ ಸಂಬಳದ ಕಡಿತವೂ ನಿಂತಿತು, ಕಮಾಂಡಿಂಗ್ ಆಫೀಸರ್‌ನ ಹಿಡಿತವೂ ಹೋಯಿತು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಕರೆದು ಮಾತಾಡಿಸಬಹುದೇ ಹೊರತು ಆದೇಶ ಮಾಡಲಾರದು. ನಿವೃತ್ತಿ ಹತ್ತಿರವಿದ್ದರೆ ಮೊದಲು ಕೋರ್ಟು, ಆಮೇಲೆ ಯೂನಿಟ್.