ಅತ್ತೆಯ ಭಾನುವಾರದ ಊಟವನ್ನು ಸೊಸೆ ಮುಂದುವರಿಸಬಹುದಾ?

ಪ್ರಶ್ನೆ: ನಾನು ತುಮಕೂರಿನವಳು. ಈಗ ಇಂಗ್ಲೆಂಡಿನ ಲೀಡ್ಸ್ ಹತ್ತಿರ ಇದ್ದೇನೆ. ಗಂಡ ಇಲ್ಲೇ ಯಾರ್ಕ್‌ಶೈರ್‌ನಲ್ಲಿ ಹುಟ್ಟಿ ಬೆಳೆದವರು. ಮದುವೆಯಾದಾಗಿನಿಂದ ಭಾನುವಾರ ಮಧ್ಯಾಹ್ನ ಅತ್ತೆ ಮನೆಯಲ್ಲಿ ಸಂಡೇ ರೋಸ್ಟ್ ಊಟ (ಒವನ್ನಿನಲ್ಲಿ ಬೇಯಿಸಿದ ಮಾಂಸ, ಆಲೂಗಡ್ಡೆ, ತರಕಾರಿ, ಮೇಲೆ ಮಾಂಸದ ರಸದಿಂದ ಮಾಡಿದ ಗ್ರೇವಿ) ತಪ್ಪುತ್ತಿರಲಿಲ್ಲ. ನಾನು ಮಾಂಸ ತಿನ್ನುವುದಿಲ್ಲ, ಮೊಟ್ಟೆ ಪರವಾಗಿಲ್ಲ. ಅತ್ತೆ ನನಗೆ ಅಂತಲೇ ಒಂದು ಚಿಕ್ಕ ಟ್ರೇಯಲ್ಲಿ ಬೇರೆ ಎಣ್ಣೆ ಹಾಕಿ ಆಲೂಗಡ್ಡೆ ಬೇಯಿಸುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಊಟವೂ ನಿಂತಿತು. ಮಾವನಿಗೆ 79 ವರ್ಷ. ಭಾನುವಾರ ಒಬ್ಬರೇ ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಊಟವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡು ತಿನ್ನುತ್ತಾರೆ. ನಮ್ಮ ಮನೆಯಲ್ಲಿ ನಾನೇ ಆ ಊಟ ಮುಂದುವರಿಸುತ್ತೇನೆ ಎಂದೆ. ಗಂಡ, 'ಈಗ ಯಾರು ಅದನ್ನೆಲ್ಲ ಮಾಡ್ತಾರೆ, ಬಿಡು' ಎಂದರು. ಕಾಲು ಗಂಟೆ ದೂರದಲ್ಲಿರುವ ನಾದಿನಿ, 'ಅದು ಅಮ್ಮನದು' ಎಂದಳು. ಆಮೇಲೆ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಊರಿನಿಂದ ನನ್ನಮ್ಮ, 'ಮನೆಯಲ್ಲಿ ಮಾಂಸ ಬೇಯಿಸ್ತೀಯೇನೇ?' ಅಂತ ಫೋನಿನಲ್ಲಿ ಗೋಳಾಡುತ್ತಾರೆ. ಹತ್ತು ವರ್ಷದ ಮಗನಿಗೆ ಭಾನುವಾರ ಬೆಳಿಗ್ಗೆ ಫುಟ್‌ಬಾಲ್. ಇಲ್ಲಿನ ಮನೆಗಳಲ್ಲಿ ಈ ಪದ್ಧತಿ ನಿಜಕ್ಕೂ ಉಳಿದಿದೆಯಾ? ಮಾಂಸ ಮುಟ್ಟದ ನಾನು ಇದಕ್ಕೆ ಕೈ ಹಾಕುವುದು ಅಧಿಕಪ್ರಸಂಗವಾ?
– ಹೆಸರು ಬೇಡ

ಉತ್ತರ: ಅಧಿಕಪ್ರಸಂಗ ಖಂಡಿತ ಅಲ್ಲ. ಆದರೆ ಮಾತನ್ನು ಎತ್ತಿಕೊಂಡ ರೀತಿ ಸ್ವಲ್ಪ ಎಡವಟ್ಟಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಗಂಡನ ಮಾತು ನೋಡೋಣ.

'ಈಗ ಯಾರೂ ಮಾಡುವುದಿಲ್ಲ' ಎನ್ನುವುದು ನಿಜವಲ್ಲ. ಹಾಗಂತ ಎಲ್ಲರೂ ವಾರವಾರ ಮಾಡುತ್ತಾರೆ ಎಂದರೆ ಅದೂ ನಿಜವಲ್ಲ. ನಿಮ್ಮ ಗಂಡ ಚಿಕ್ಕವರಿದ್ದಾಗ ಇಂಗ್ಲೆಂಡಿನ ಭಾನುವಾರ ಹೇಗಿತ್ತು ಗೊತ್ತಾ? ದೊಡ್ಡ ಅಂಗಡಿಗಳು ಬಾಗಿಲು ಹಾಕಿರಬೇಕಿತ್ತು. ಪಬ್ಬುಗಳು ಮಧ್ಯಾಹ್ನ 3ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 7ಕ್ಕೆ. ಹೊರಗೆ ಹೋಗಿ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಎಲ್ಲರೂ ಮನೆಯಲ್ಲೇ. 1994ರಲ್ಲಿ ಕಾನೂನು ಬದಲಾಯಿತು, ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಕಾಲ ತೆರೆಯಬಹುದು ಎಂದಾಯಿತು. ಮರುವರ್ಷ ಪಬ್ಬುಗಳಿಗೂ ಮಧ್ಯಾಹ್ನದ ಬೀಗ ಹೋಯಿತು. ಅಲ್ಲಿಂದ ಊಟಕ್ಕೆ ಪೈಪೋಟಿ ಶುರು: ಶಾಪಿಂಗು, ಭಾನುವಾರದ ಡ್ಯೂಟಿ, ಮಕ್ಕಳ ಫುಟ್‌ಬಾಲು. ಚರ್ಚಿಗೆ ಹೋಗಿ ಬಂದು ಊಟಕ್ಕೆ ಕೂರುವ ಮನೆಗಳೂ ಕಡಿಮೆಯಾದವು. 2022ರಲ್ಲಿ ಗ್ಯಾಸು, ಕರೆಂಟಿನ ಬಿಲ್ಲು ಏರಿದಾಗ ಮೂರು ಗಂಟೆ ಒವನ್ ಉರಿಸಬೇಕಾ ಅಂತ ಯೋಚಿಸಿದವರೂ ಇದ್ದಾರೆ.

ಇಷ್ಟಾದರೂ ಆ ಊಟ ಸತ್ತಿಲ್ಲ. ಕೆಲವು ಮನೆಗಳಲ್ಲಿ ಇನ್ನೂ ವಾರವಾರ ನಡೆಯುತ್ತದೆ. ಎಷ್ಟೋ ಮನೆಗಳಲ್ಲಿ ತಿಂಗಳಿಗೊಮ್ಮೆ, ಇಲ್ಲವೇ ಅಜ್ಜ ಅಜ್ಜಿ ಬಂದಾಗ. ಕ್ರಿಸ್‌ಮಸ್‌ನ ಟರ್ಕಿ, ಈಸ್ಟರಿನ ಕುರಿಮರಿ ಕೂಡ ಇದೇ ಊಟದ ಹಬ್ಬದ ರೂಪ. ಇನ್ನು ಪಬ್ಬಿನಲ್ಲಿ ರೋಸ್ಟ್ ತಿನ್ನುವವರಂತೂ ಸಿಕ್ಕಾಪಟ್ಟೆ. ಬೆಂಗಳೂರಿನಲ್ಲಿ ಹಬ್ಬದ ದಿನ ಅಂಗಡಿಯಿಂದ ಹೋಳಿಗೆ ತರುವವರಿಗೆ ಹಬ್ಬ ಮಾಡುತ್ತಿಲ್ಲ ಎನ್ನಲಾಗುತ್ತದಾ? ಹಾಗೇ ಇದೂ. ಅಂದರೆ ಪಕ್ಕದ ಮನೆಯವರನ್ನು ಕೇಳಿದರೆ ನಿಮ್ಮ ಗಂಡನನ್ನು ಗೆಲ್ಲುವಂಥ ಉತ್ತರ ಸಿಗುವುದಿಲ್ಲ. ಸಿಕ್ಕರೂ ಅದರಿಂದ ನಿಮ್ಮ ನಾದಿನಿ ಮಾತಾಡುವುದಿಲ್ಲ.

ನಿಮ್ಮ ಮಾವನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ ಬ್ರಿಟನ್ನಿನಲ್ಲಿ ಮಾಂಸಕ್ಕೆ ರೇಷನ್ ಬಂತು. ಅದು ಪೂರ್ತಿ ತೆಗೆದುಹೋಗಿದ್ದು 1954ರ ಜುಲೈನಲ್ಲಿ. ಯುದ್ಧ ಮುಗಿದು ಒಂಬತ್ತು ವರ್ಷ ಆದ ಮೇಲೆ! ಆಗ ನಿಮ್ಮ ಮಾವ ಏಳೆಂಟು ವರ್ಷದ ಹುಡುಗ. ಮೇಜಿನ ಮಧ್ಯೆ ಒಂದು ದೊಡ್ಡ ತುಂಡು ಮಾಂಸ ಇಡುವುದು ಅವರ ಬಾಲ್ಯದಲ್ಲಿ ಸಣ್ಣ ಸಂಗತಿ ಆಗಿರಲಿಕ್ಕಿಲ್ಲ. ಅದಕ್ಕಿಂತ ಹಿಂದೆ ಬಡವರ ಮನೆಗಳಲ್ಲಿ ಒವನ್ನೇ ಇರುತ್ತಿರಲಿಲ್ಲ. ಚರ್ಚಿಗೆ ಹೋಗುವ ದಾರಿಯಲ್ಲಿ ಮಾಂಸವನ್ನು ಬೇಕರಿಯವನ ಒಲೆಗೆ ಕೊಟ್ಟು, ಬರುವಾಗ ಬೆಂದದ್ದನ್ನು ತರುತ್ತಿದ್ದರು. ಈ ಊಟ ಪೂರ್ತಿಯಾಗಿ ಮನೆಯ ಅಡುಗೆಮನೆಯಲ್ಲೇ ಆಗಬೇಕು ಎನ್ನುವ ನಿಯಮ ಆಗಲೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಕೆಲಸಕ್ಕೆ ಬರುತ್ತದೆ.

ನೀವಿರುವುದು ಯಾರ್ಕ್‌ಶೈರ್ ಬೇರೆ. ಅಲ್ಲಿನ ಹಳಬರ ರೂಢಿ ನಿಮಗೂ ಗೊತ್ತಿರಬಹುದು. ಯಾರ್ಕ್‌ಶೈರ್ ಪುಡಿಂಗನ್ನು (ಸಿಹಿಯಲ್ಲ, ಒವನ್ನಿನಲ್ಲಿ ಉಬ್ಬಿಸುವ ಹಿಟ್ಟಿನ ತಿನಿಸು) ಮಾಂಸದ ಜೊತೆಗಲ್ಲ, ಮೊದಲೇ ಬೇರೆಯಾಗಿ ಗ್ರೇವಿ ಸುರಿದು ಬಡಿಸುತ್ತಿದ್ದರು. ಹಿಟ್ಟು, ಮೊಟ್ಟೆ, ಹಾಲಿನಿಂದ ಹೊಟ್ಟೆ ಅರ್ಧ ತುಂಬಿದರೆ ದುಬಾರಿ ಮಾಂಸ ಎಲ್ಲರಿಗೂ ಸಾಕಾಗುತ್ತದೆ ಎನ್ನುವ ಲೆಕ್ಕ. 1747ರ ಒಂದು ಅಡುಗೆ ಪುಸ್ತಕದಲ್ಲೇ ಈ ಪುಡಿಂಗ್ ಇದೇ ಹೆಸರಿನಿಂದ ಇದೆ. ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ನಿಮ್ಮ ಮಾವ ಕಳೆದುಕೊಂಡಿರುವುದು ಮಾಂಸವನ್ನೇ ಅಂತ ನೀವು ಅಂದುಕೊಂಡಂತಿದೆ. ಪುಡಿಂಗ್ ಮತ್ತು ಗ್ರೇವಿ ಇರಬಹುದು. ಮಾಂಸ ಕೊಯ್ದು ಎಲ್ಲರ ತಟ್ಟೆಗೆ ಹಾಕುವ ಕೆಲಸ ಇರಬಹುದು, ಇಂಗ್ಲಿಷ್ ಮನೆಗಳಲ್ಲಿ ಅದು ಹೆಚ್ಚಾಗಿ ಯಜಮಾನನದೇ. ಮೊಮ್ಮಗನ ಗಲಾಟೆ ಕೇಳಿಸದೇ ಇರುವುದೂ ಇರಬಹುದು. ಅವರನ್ನು ಕೇಳಿದ್ದೀರಾ? ಪತ್ರದಲ್ಲಿ ಗಂಡ, ನಾದಿನಿ, ನಿಮ್ಮಮ್ಮ ಎಲ್ಲರೂ ಮಾತಾಡಿದ್ದಾರೆ. ಯಾರ ಊಟದ ಬಗ್ಗೆ ಇಷ್ಟೆಲ್ಲ ನಡೆಯುತ್ತಿದೆಯೋ ಅವರ ಒಂದೇ ಒಂದು ಮಾತಿಲ್ಲ.

ಈಗ ನಾದಿನಿ. ಗಂಟು ಇರುವುದು ಇಲ್ಲೇ.

'ನಾನೇ ಮುಂದುವರಿಸುತ್ತೇನೆ' ಎಂದಿರಿ. ನಿಮ್ಮ ಮನಸ್ಸಿನಲ್ಲಿದ್ದದ್ದು ಮಾವನ ಮೇಲಿನ ಕಾಳಜಿ, ಅತ್ತೆಯ ಮೇಲಿನ ಪ್ರೀತಿ. ಅವಳಿಗೆ ಕೇಳಿಸಿದ್ದು, ಅಮ್ಮನ ಜಾಗಕ್ಕೆ ಇನ್ನೊಬ್ಬರು ಬಂದು ಕೂತರು ಅಂತ. ತಾಯಿ ಹೋಗಿ ಇನ್ನೂ ಸರಿಯಾಗಿ ವರ್ಷ ಕಳೆದಿಲ್ಲ. ನೀವು ಹೊರಗಿನವಳು, ಸಸ್ಯಾಹಾರಿ ಎನ್ನುವ ಕಾರಣಕ್ಕೆ ಅವಳು ಹಾಗಂದಳು ಅಂತ ನೀವು ನೊಂದಂತೆ ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಪಕ್ಕದ ಬೀದಿಯ ಇಂಗ್ಲಿಷ್ ಹುಡುಗಿ ಸೊಸೆಯಾಗಿ ಬಂದು ಇದೇ ಮಾತು ಹೇಳಿದ್ದರೂ ಅವಳು ಇದನ್ನೇ ಹೇಳುತ್ತಿದ್ದಳು. ಬಹುಶಃ ಇನ್ನೂ ಜೋರಾಗಿ.

ಹಾಗಾಗಿ ಅವಳಿಂದ ಅನುಮತಿ ಕೇಳಬೇಡಿ. ಕೆಲಸ ಕೇಳಿ. 'ಅಮ್ಮನ ಗ್ರೇವಿ ನನಗೆ ಮಾಡೋಕೆ ಬರಲ್ಲ, ಮಾಂಸ ಬೇಯಿಸೋದೂ ಗೊತ್ತಿಲ್ಲ. ಅದು ನಿನಗೇ ಗೊತ್ತಿರೋದು. ನೀನು ಮಾಡಿ ತರ್ತೀಯಾ? ಉಳಿದದ್ದು ನಾನು ನೋಡ್ಕೊಳ್ತೀನಿ' ಎನ್ನಿ. ಇದರಲ್ಲಿ ಒಂದು ಅಕ್ಷರವೂ ನಾಟಕವಲ್ಲ, ನಿಮಗೆ ನಿಜವಾಗಿಯೂ ಬರುವುದಿಲ್ಲ ಅಲ್ವಾ?

ರೋಸ್ಟಿನ ಲೆಕ್ಕಾಚಾರವೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒವನ್ನಿನಿಂದ ತೆಗೆದ ಮಾಂಸವನ್ನು ತಕ್ಷಣ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿದುಹೋಗುತ್ತದೆ. ಫಾಯಿಲ್ ಮುಚ್ಚಿ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಸುಮ್ನೆ ಬಿಡಬೇಕು. ನಾದಿನಿಯ ಮನೆ ಕಾಲು ಗಂಟೆ ದೂರ. ಅಂದರೆ ಮಾಂಸ ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತಿಗೆ ಕಾರಿನಲ್ಲಿ ಕೂತು ನಿಮ್ಮ ಮನೆಗೆ ಬರುತ್ತದೆ. ಗ್ರೇವಿ ಥರ್ಮಾಸ್ ಫ್ಲಾಸ್ಕಿನಲ್ಲಿ. ಅದೇ ಅರ್ಧ ಗಂಟೆ ನಿಮ್ಮ ಒವನ್ 220 ಡಿಗ್ರಿಗೆ ಏರಿ ಪುಡಿಂಗ್ ಉಬ್ಬುವುದಕ್ಕೆ ಸರಿಹೋಗುತ್ತದೆ. ಹಿಂದೆ ಬೇಕರಿಯವನ ಒಲೆಯಿಂದ ಬರುತ್ತಿದ್ದದ್ದು ಈಗ ಮಗಳ ಮನೆಯಿಂದ ಬರುತ್ತದೆ, ಅಷ್ಟೇ. ಅಮ್ಮನ ಕೈರುಚಿ ಮಗಳ ಹತ್ತಿರವೇ ಉಳಿಯಿತು.

ನಿಮ್ಮಮ್ಮನ ಗೋಳಿಗೂ ಇದೇ ಉತ್ತರ. ನಿಮ್ಮ ಮನೆಯ ಒವನ್ನಿನಲ್ಲಿ ಮಾಂಸ ಬೇಯುವುದಿಲ್ಲ. ಮೇಜಿನ ಮೇಲೆ ಬರುತ್ತದೆ, ನಿಜ. ಆದರೆ ನೀವು ಇಷ್ಟು ವರ್ಷ ಅಂಥದ್ದೇ ಮೇಜಿನಲ್ಲಿ ಕೂತು ಊಟ ಮಾಡಿದ್ದೀರಿ, ಅದು ಅಮ್ಮನಿಗೂ ಗೊತ್ತು. ದನದ ಮಾಂಸ ಮನೆಯೊಳಗೆ ಬೇಡ ಅನಿಸಿದರೆ ಮುಜುಗರ ಪಡದೆ ಮೊದಲೇ ಹೇಳಿ. ಪುಡಿಂಗಿನ ಹಳೇ ಜೋಡಿ ದನದ ಮಾಂಸವೇ ಆದರೂ ಕೋಳಿ, ಕುರಿಮರಿಯ ಜೊತೆ ಬಡಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಉಳಿದದ್ದನ್ನು ಮಾವನಿಗೆ ಡಬ್ಬಿ ಕಟ್ಟಿ ಕಳಿಸಿ. ಅವರ ಕಾಲದಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ, ಅಡುಗೆಗೆ ಪುರುಸೊತ್ತಿಲ್ಲದೆ ಭಾನುವಾರದ ತಣ್ಣನೆ ಮಾಂಸವೇ ಊಟ. ಅವರಿಗೆ ಇದು ಅಭ್ಯಾಸ, ನಿಮ್ಮ ಫ್ರಿಜ್ಜೂ ಖಾಲಿ.

ನಿಮ್ಮ ಪಾಲಿನ ಅಡುಗೆ ಕಷ್ಟದ್ದಲ್ಲ. ಆಲೂಗಡ್ಡೆಯನ್ನು ಅರೆಬರೆ ಬೇಯಿಸಿ, ನೀರು ಬಸಿದು, ಪಾತ್ರೆಯಲ್ಲೇ ಕುಲುಕಿ ಅಂಚು ತರಿತರಿಯಾಗುವಂತೆ ಮಾಡಿ. ಆಮೇಲೆ ಕಾದ ಸೂರ್ಯಕಾಂತಿ ಎಣ್ಣೆಗೆ ಹಾಕಿ ಒವನ್ನಿನಲ್ಲಿ ಸುಮಾರು ಒಂದು ಗಂಟೆ. ಪುಡಿಂಗಿಗೆ ಹಿಟ್ಟು, ಮೊಟ್ಟೆ, ಹಾಲು ಸಮ ಅಳತೆ. ಹಳೇ ಪದ್ಧತಿಯಲ್ಲಿ ದನದ ಕೊಬ್ಬು ಬಳಸುತ್ತಾರೆ, ನೀವು ಎಣ್ಣೆಯನ್ನೇ ಹೊಗೆಯಾಡುವಷ್ಟು ಕಾಯಿಸಿ. ಬಾಗಿಲು ತೆರೆದು ಇಣುಕಬೇಡಿ, ಕುಸಿದುಹೋಗುತ್ತದೆ. ಕ್ಯಾರೆಟ್, ಎಲೆಕೋಸು, ಚೀಸ್ ಹಾಕಿದ ಹೂಕೋಸು. ಲೆಕ್ಕ ಹಾಕಿ ನೋಡಿ, ಆ ತಟ್ಟೆಯಲ್ಲಿ ಮುಕ್ಕಾಲು ಪಾಲು ನೀವು ತಿನ್ನುವಂಥದ್ದೇ. ಗ್ರೇವಿ ಮಾತ್ರ ನಿಮಗೆ ಬೇರೆ ಬೇಕು. ಮಾಂಸವಿಲ್ಲದ ಗ್ರೇವಿ ಪುಡಿ ಅಂಗಡಿಯಲ್ಲೇ ಸಿಗುತ್ತದೆ.

ನಿಮ್ಮ ಗಂಡನಿಗೂ ಕೆಲಸ ಹಚ್ಚಿ. ಅವರ ಅಪ್ಪ, ಅವರ ಅಮ್ಮನ ಊಟ. ಚಿಂತೆ ಮಾತ್ರ ಪೂರ್ತಿ ನಿಮ್ಮ ತಲೆ ಮೇಲೆ. ಇದು ನನಗೆ ಸರಿ ಕಾಣಲಿಲ್ಲ. 'ಬಿಡು' ಎನ್ನುವುದರ ಹಿಂದೆ ಸೋಮಾರಿತನವೂ ಇರಬಹುದು, ಆ ಖಾಲಿ ಕುರ್ಚಿ ನೋಡಲಾಗದ ಸಂಕಟವೂ ಇರಬಹುದು. ಸಂಕಟವಾದರೆ ಅದನ್ನು ಬಾಯಿ ಬಿಟ್ಟು ಹೇಳಲಿ. ಎರಡರಲ್ಲಿ ಯಾವುದಾದರೂ ಆಲೂಗಡ್ಡೆ ಸಿಪ್ಪೆ ತೆಗೆಯುವುದಕ್ಕೆ, ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಬರುವುದಕ್ಕೆ, ಆಮೇಲೆ ಪಾತ್ರೆ ತೊಳೆಯುವುದಕ್ಕೆ ಅಡ್ಡಿ ಬರುವುದಿಲ್ಲ.

ವಾರವಾರ ಮಾತ್ರ ಬೇಡ. ತಿಂಗಳ ಕೊನೆಯ ಭಾನುವಾರ ಸಾಕು. ಮಗನ ಪಂದ್ಯ ಮುಗಿದು ಸ್ನಾನ ಆಗಲಿ, ಎರಡೂವರೆಗೆ ಕೂತರಾಯಿತು. ಊಟ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಅತ್ತೆಯ ಅಡುಗೆಮನೆಯಲ್ಲಿ ಸದ್ಯಕ್ಕೆ ಅಡುಗೆ ಬೇಡ. ಅಲ್ಲಿ ಯಾವ ಡಬ್ಬಿ ಸರಿಸಿದರೂ ನಾದಿನಿಗೆ ನೋವಾಗುತ್ತದೆ. ಚಾಕು ಮಾವನ ಕೈಗೆ ಕೊಡಿ.

ನಾದಿನಿ ಆಗಲ್ಲ ಎಂದರೆ? ಎಂದುಬಿಡಬಹುದು. ಆಗ ರೋಸ್ಟಿನ ಸುದ್ದಿ ಬಿಟ್ಟು ಮಾವನನ್ನು ಭಾನುವಾರ ಸುಮ್ನೆ ಊಟಕ್ಕೆ ಕರೆಯಿರಿ. ಅನ್ನ, ಸಾರು, ಹಪ್ಪಳ, ಏನಿದೆಯೋ ಅದು. ಆ ಊಟಕ್ಕೆ ಅತ್ತೆಯ ಹೆಸರಿಲ್ಲ, ಹಾಗಾಗಿ ಯಾರ ಹಕ್ಕಿನ ಪ್ರಶ್ನೆಯೂ ಏಳುವುದಿಲ್ಲ. ನಾಲ್ಕೈದು ತಿಂಗಳು ಕಳೆಯಲಿ, ಮತ್ತೆ ಒಮ್ಮೆ ಕೇಳಿ ನೋಡಿ.

ಒಂದು ಎಚ್ಚರಿಕೆ. ಮೊದಲ ಊಟವನ್ನು ಮದರಿಂಗ್ ಸಂಡೇ ದಿನ ಇಟ್ಟುಕೊಳ್ಳಬೇಡಿ. ಅಲ್ಲಿನ ತಾಯಂದಿರ ದಿನ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ, ಮೊದಲೇ ಕ್ಯಾಲೆಂಡರ್ ನೋಡಿಕೊಳ್ಳಿ. ಕ್ರಿಸ್‌ಮಸ್ಸೂ ಬೇಡ. ಯಾವ ವಿಶೇಷವೂ ಇಲ್ಲದ ಒಂದು ಭಾನುವಾರ ಹುಡುಕಿ, ಮೊದಲು ಮಾವನನ್ನು ಕೇಳಿ, ಆಮೇಲೆ ನಾದಿನಿಗೆ ಫೋನ್ ಮಾಡಿ. ವಾಟ್ಸಾಪ್ ಮೆಸೇಜ್ ಕಳಿಸಬೇಡಿ.